ನನ್ನ ಸ್ಕ್ರಿಪ್ಟ್ ರಿಬ್ಬನ್ನನ್ನೇ ನುಂಗಿತ್ತು

ಮೇಡಂ ನನ್ನ ಮ್ಯಾಪನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು. "ತುಂಬಾ ನೀಟಾಗಿದೆ. ರಿಬ್ಬನ್ ಎಲ್ಲಪ್ಪಾ?"

ಉಪಗ್ರಹದ ಡೇಟಾದಿಂದ ಕಸ ತೆಗೆಯುವುದು ನನ್ನ ಕೆಲಸ. ಸೇರಿದ ಹೊಸದರಲ್ಲಿ, ಕೈ ಪಳಗಲಿ ಅಂತ ನಾಸಾದ ಐಬೆಕ್ಸ್ ಡೇಟಾ ಕೊಟ್ಟಿದ್ದರು. ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಡೇಟಾ ಅದು. ಐಬೆಕ್ಸ್ 2008ರ ಅಕ್ಟೋಬರ್‌ನಲ್ಲಿ, ವಿಮಾನದ ಹೊಟ್ಟೆಯಡಿಯಿಂದ ಬಿಟ್ಟ ಪೆಗಾಸಸ್ ರಾಕೆಟ್‌ನಲ್ಲಿ ಹೋದ ಉಪಗ್ರಹ. ಬಸ್ಸಿನ ಟೈರಿನಷ್ಟು ಗಾತ್ರ. ನೋಡುವುದು ಸೌರಮಂಡಲದ ಅಂಚನ್ನು, ಸುತ್ತುವುದು ಮಾತ್ರ ಭೂಮಿಯನ್ನೇ.

ಇಲ್ಲೇ ಇದ್ದುಕೊಂಡು ಅಷ್ಟು ದೂರದ್ದು ಹೇಗೆ ಕಾಣುತ್ತದೆ? ಸೂರ್ಯನಿಂದ ಹೊರಟ ಸೌರ ಮಾರುತ, ಅಂದರೆ ಪ್ರೋಟಾನ್‌ನಂಥ ಚಾರ್ಜ್ ಇರುವ ಕಣಗಳ ಹರಿವು, ನಕ್ಷತ್ರಗಳ ನಡುವಿನ ಅನಿಲದ ಒತ್ತಡಕ್ಕೆ ಸಿಕ್ಕಿ ಅಂಚಿನಲ್ಲಿ ನಿಧಾನವಾಗುತ್ತದೆ. ಅಲ್ಲಿ ಕೆಲವು ಪ್ರೋಟಾನ್‌ಗಳು ಪಕ್ಕದ ಪರಮಾಣುವಿನ ಎಲೆಕ್ಟ್ರಾನ್ ಕಿತ್ತುಕೊಂಡು ತಾವೇ ಪರಮಾಣು ಆಗಿಬಿಡುತ್ತವೆ. ಚಾರ್ಜ್ ಹೋದ ಮೇಲೆ ಕಾಂತಕ್ಷೇತ್ರದ ಹಂಗಿಲ್ಲ. ಹೆಚ್ಚುಕಡಿಮೆ ನೆಟ್ಟಗೆ ಹೊರಡುತ್ತವೆ. ಕೆಲವು ನಮ್ಮ ಕಡೆಗೂ ಬರುತ್ತವೆ. ಸೆಕೆಂಡಿಗೆ 400 ಕಿ.ಮೀ. ಓಡಿದರೂ ಇಲ್ಲಿಗೆ ಮುಟ್ಟಲು ವರ್ಷದ ಮೇಲೆ ಬೇಕು. ಹಾಗೆ ಬಂದವನ್ನು ಐಬೆಕ್ಸ್ ಒಂದೊಂದಾಗಿ ಎಣಿಸುತ್ತದೆ. ತನ್ನ ಸುತ್ತ ತಾನೇ ತಿರುಗುತ್ತಾ, ಆಕಾಶವನ್ನು ಬಳೆ ಬಳೆಯಾಗಿ ನೋಡುತ್ತದೆ. ಆರು ತಿಂಗಳಿಗೆ ಇಡೀ ಆಕಾಶದ ಒಂದು ಮ್ಯಾಪ್.

ತೊಂದರೆ ಏನೆಂದರೆ, ಬೇಕಾದ ಎಣಿಕೆ ತೀರಾ ಕಮ್ಮಿ, ಕಸ ಜಾಸ್ತಿ. ಭೂಮಿಯ ಕಾಂತಗೋಳದಿಂದ, ಅಂದರೆ ಭೂಮಿಯ ಕಾಂತಕ್ಷೇತ್ರ ಆಳುವ ಸುತ್ತಲಿನ ಜಾಗದಿಂದ, ಬರುವ ಕಣಗಳಿವೆ, ಕಾಸ್ಮಿಕ್ ಕಿರಣಗಳಿವೆ, ಒಮ್ಮೊಮ್ಮೆ ಚಂದ್ರನೇ ಅಡ್ಡ ಬರುತ್ತಾನೆ. ನಾನು ಬುದ್ಧಿವಂತಿಕೆ ತೋರಿಸಿದೆ. ಒಂದು ಬಳೆಯೊಳಗೆ ಮಧ್ಯದ ಬೆಲೆಗಿಂತ ಎರಡು ಪಟ್ಟು ಜಾಸ್ತಿ ಇರುವ ಚುಕ್ಕಿಯನ್ನೆಲ್ಲ ಎಸೆ ಅಂತ ನಾಲ್ಕು ಸಾಲಿನ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದೆ. ಮ್ಯಾಪ್ ರೇಷ್ಮೆಯ ಹಾಗೆ ನುಣುಪಾಗಿ ಬಂತು. ಖುಷಿಯಲ್ಲಿ ಬಣ್ಣವನ್ನೂ ಚೆನ್ನಾಗಿ ಹಾಕಿದ್ದೆ.

ಸುತ್ತಲಿನ ಆಕಾಶಕ್ಕಿಂತ ಎರಡು ಮೂರು ಪಟ್ಟು ಹೊಳೆಯುವ ಕಿರಿದಾದ ಪಟ್ಟಿಯೇ ಐಬೆಕ್ಸ್‌ನ ದೊಡ್ಡ ಶೋಧ. ಅದೇ ರಿಬ್ಬನ್. 2009ರಲ್ಲಿ ಪ್ರಕಟವಾಯಿತು. ಅದು ಇರುತ್ತದೆ ಅಂತ ಯಾವ ಮಾದರಿಯೂ ಮೊದಲೇ ಹೇಳಿರಲಿಲ್ಲ. ಆ ಅಂಚಿನವರೆಗೂ ಹೋದ ಎರಡು ವಾಯೇಜರ್ ನೌಕೆಗಳಿಗೂ ಸಿಕ್ಕಿರಲಿಲ್ಲ, ಅವು ಹೋದ ದಾರಿಗಳ ನಡುವೆ ಅದು ಹಾದುಹೋಗುತ್ತದೆ. ಮೊದಲ ಮ್ಯಾಪ್ ಮಾಡಿದವರು ನನ್ನ ಹಾಗೆ ಸೋಸಿದ್ದರೆ?

ಮೇಡಂ ಬೈಯಲಿಲ್ಲ. "ಎಸೆದದ್ದನ್ನು ಮ್ಯಾಪ್ ಮಾಡು" ಅಂದರು, ಅಷ್ಟೇ. ಮಾಡಿದೆ. ಕಪ್ಪು ಆಕಾಶದಲ್ಲಿ ಕಮಾನಿನಂತೆ ರಿಬ್ಬನ್ ಎದ್ದು ಬಂತು. ನಿಜ ಹೇಳಬೇಕೆಂದರೆ, ನಾನು ಮಾಡಿದ ಅತ್ಯಂತ ಸುಂದರವಾದ ರಿಬ್ಬನ್ ಮ್ಯಾಪ್ ಇವತ್ತಿಗೂ ಅದೇ!

ಆಮೇಲೆ ಸೋಸುವ ಕ್ರಮವನ್ನೇ ಬದಲಾಯಿಸಿದೆ. ಚುಕ್ಕಿ ಎಷ್ಟು ಹೊಳೆಯುತ್ತಿದೆ ಅಂತ ನೋಡಿ ಎಸೆಯುವಂತಿಲ್ಲ. ಉಪಗ್ರಹ ಆಗ ಎಲ್ಲಿತ್ತು? ಕಾಂತಗೋಳದ ಹತ್ತಿರವಾ? ಚಂದ್ರ ಎದುರಿಗಿದ್ದನಾ? ಹಾಗಿದ್ದರೆ ಆ ಹೊತ್ತಿನ ಡೇಟಾ ಪೂರ್ತಿ ಹೋಗಬೇಕು, ಹೊಳೆಯಲಿ ಬಿಡಲಿ. ಹೆಚ್ಚಿನ ಶಕ್ತಿಯ ಕಣ ಹಿಡಿಯುವ ಐಬೆಕ್ಸ್-ಹೈ ಉಪಕರಣದಲ್ಲಿ ಇನ್ನೊಂದು ಜರಡಿ ಹುಟ್ಟಿನಿಂದಲೇ ಇದೆ. ಒಂದರ ಹಿಂದೆ ಒಂದು ಮೂರು ಕೋಣೆ, ಮೂರರಲ್ಲೂ ಸದ್ದು ಮಾಡಿದ್ದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಕಸ ಸಾಮಾನ್ಯವಾಗಿ ಒಂದರಲ್ಲೇ ಸದ್ದು ಮಾಡಿ ಸುಮ್ಮನಾಗುತ್ತದೆ. ಇದನ್ನೆಲ್ಲ ಮೊದಲೇ ಓದಬಹುದಿತ್ತು, ಅಲ್ವಾ? ಕೈಪಿಡಿ ಮೇಜಿನ ಮೇಲೇ ಇತ್ತು.

2025ರ ಸೆಪ್ಟೆಂಬರ್‌ನಲ್ಲಿ ಇದೇ ಅಂಚನ್ನು ಇನ್ನೂ ಚೂಪಾಗಿ ನೋಡಲು ನಾಸಾದ ಐಮ್ಯಾಪ್ ನೌಕೆ ಹೊರಟಿತು. ಅದರ ಡೇಟಾಕ್ಕೆ ಅಂತ ಒಂದು ಫೋಲ್ಡರ್ ಮಾಡಿಟ್ಟಿದ್ದೇನೆ. ಸದ್ಯಕ್ಕೆ ಅದರೊಳಗೆ ಇರುವುದು 'ಕಸ' ಅನ್ನುವ ಖಾಲಿ ಫೋಲ್ಡರ್ ಒಂದೇ.