ಸಹಿ ಹಾಕಲು ಬಿಡದ ಪುಟ

"ಹಂಗಾರೆ ಹೆಬ್ಬೆಟ್ಟೇ ಒತ್ತಿಬಿಡ್ಲೇನೋ?"

ಮಂಗಳವಾರ ದೊಡ್ಡಮ್ಮ ವಿಮೆಯ ಹುಡುಗನನ್ನು ಹೀಗೆ ಕೇಳಿದರು. ಆ ಮಾತು ಇನ್ನೂ ನನ್ನ ಕಿವಿಯಲ್ಲೇ ಇದೆ.

ತೋಟದ ವಿಮೆಗೆ ಫೋನಿನ ಪುಟದಲ್ಲೇ ಬೆರಳಿನಿಂದ ಸಹಿ ಹಾಕಬೇಕಿತ್ತು. ಸೆರಗಿನಲ್ಲಿ ಬೆರಳು ಒರೆಸಿಕೊಂಡು ಸಹಿಯ ಚೌಕದೊಳಗೆ ಮೊದಲ ಅಕ್ಷರ ಬರೆದರು. ಬಂತು. ಎರಡನೆಯದಕ್ಕೆ ಒತ್ತು ಕೊಡಬೇಕು. ಬೆರಳು ಕೆಳಗೆ ಎಳೆದದ್ದೇ ತಡ, ಒತ್ತು ಮೂಡುವ ಬದಲು ಇಡೀ ಪುಟವೇ ಬೆರಳಿನ ಜೊತೆ ಜಾರಿತು. ಅಳಿಸಿ ಮತ್ತೆ ಬರೆದರೂ ಅದೇ ಕಥೆ. "ಕೈ ಒದ್ದೆ ಇದ್ರೆ ಹಂಗೇ ಅಮ್ಮ" ಎಂದ ಹುಡುಗ. ಹೊಸನಗರದ ಮಳೆಯಲ್ಲಿ ಬೈಕ್ ಓಡಿಸಿಕೊಂಡು ಬಂದವನು, ಅವನ ಮೇಲೆ ನನಗೆ ಸಿಟ್ಟಿಲ್ಲ. ನೀರು ತಾಗಿದರೆ ಸ್ಕ್ರೀನು ತಬ್ಬಿಬ್ಬಾಗುವುದೂ ನಿಜವೇ. ಆದರೆ ಒಣಗಿದ ಬೆರಳಿನಿಂದ ನಾನು ಎಳೆದಾಗಲೂ ಪುಟ ಜಾರಿತು.

ಕೊನೆಗೆ ಅವನೇ ಫೋನು ತೆಗೆದುಕೊಂಡು ಎಡದಿಂದ ಬಲಕ್ಕೆ ಒಂದು ಗೀಟು ಎಳೆದ. ಪುಟ ಒಪ್ಪಿಕೊಂಡಿತು. ದೊಡ್ಡಮ್ಮನ ತೋಟದ ವಿಮೆಯಲ್ಲಿ ಸಹಿ ಇರಬೇಕಾದಲ್ಲಿ ಈಗ ಬೇರೆಯವರು ಎಳೆದ ಅಡ್ಡಗೀಟು ಇದೆ.

ನನ್ನ ಹೊಟ್ಟೆಪಾಡೇ ವೆಬ್ ಪುಟ ಕಟ್ಟುವುದು. ರಾತ್ರಿ ಕರೆಂಟ್ ಬಂದ ಮೇಲೆ ಅದೇ ಲಿಂಕ್ ತೆರೆದು ಕೋಡ್ ನೋಡಿದೆ. ಬೆರಳು ಸರಿದಾಗಲೆಲ್ಲ ಬ್ರೌಸರ್ 'ಟಚ್‌ಮೂವ್' ಎಂಬ ಸುದ್ದಿ ಕಳಿಸುತ್ತದೆ. ಪುಟ ಜರುಗಬಾರದು ಎಂದಾದರೆ ಕೋಡ್ 'ಪ್ರಿವೆಂಟ್‌ಡೀಫಾಲ್ಟ್' ಎಂದು ತಡೆಯಬೇಕು. ಇಲ್ಲಿ ತಡೆದಿದ್ದರು, ಆದರೆ ಚೌಕದ ಮೇಲಲ್ಲ, ಡಾಕ್ಯುಮೆಂಟಿನ, ಅಂದರೆ ಇಡೀ ಪುಟದ, ಮಟ್ಟದಲ್ಲಿ. ಮೊದಲೆಲ್ಲ ಅದು ನಡೆಯುತ್ತಿತ್ತು. ಪ್ರತಿ ಸಲ ಕೋಡಿನ ಅಪ್ಪಣೆಗೆ ಕಾದು ಸ್ಕ್ರೋಲ್ ತಡವರಿಸುತ್ತದೆ ಎಂದು 2017ರಲ್ಲಿ ಕ್ರೋಮ್ ಬ್ರೌಸರಿನ 56ನೇ ಆವೃತ್ತಿ ಆ ಮಟ್ಟದಲ್ಲಿ ಸುದ್ದಿಗೆ ಕಿವಿಗೊಡುವ ಕೋಡಿನ ತುಣುಕುಗಳನ್ನು, ಅಂದರೆ ಟಚ್ ಲಿಸನರ್‌ಗಳನ್ನೆಲ್ಲ ತಾನಾಗಿಯೇ 'ಪ್ಯಾಸಿವ್' ಎಂದು ಪರಿಗಣಿಸತೊಡಗಿತು. ಮರುವರ್ಷ ಐಫೋನಿನ ಸಫಾರಿಯೂ ಅದೇ ದಾರಿ ಹಿಡಿಯಿತು. ಪ್ಯಾಸಿವ್ ಎಂದರೆ ಸುದ್ದಿ ಬರುತ್ತದೆ, ತಡೆಯುವ ಹಕ್ಕು ಇರುವುದಿಲ್ಲ. ಹಾಗಾಗಿ ಮೇಲೆ ಕೆಳಗೆ ಎಳೆದರೆ ಬ್ರೌಸರ್ ಅದನ್ನು ಸ್ಕ್ರೋಲ್ ಎಂದುಕೊಳ್ಳುತ್ತದೆ. ಅಡ್ಡಕ್ಕೆ ಜರುಗಲು ಆ ಪುಟದಲ್ಲಿ ಜಾಗವಿರಲಿಲ್ಲ, ಅದಕ್ಕೇ ಹುಡುಗನ ಗೀಟು ಗೆದ್ದಿತು.

ಚೌಕಕ್ಕೆ, ಪುಟದ ರೂಪ ನಿರ್ಧರಿಸುವ ಸಿಎಸ್ಎಸ್‌ನಲ್ಲಿ 'ಟಚ್-ಆ್ಯಕ್ಷನ್: ನನ್' ಎಂದು ಬರೆದು, ಲಿಸನರನ್ನು ಚೌಕಕ್ಕೇ ಕಟ್ಟಿ 'ಪ್ಯಾಸಿವ್: ಫಾಲ್ಸ್' ಎಂದಿದ್ದರೆ ಮುಗಿಯುತ್ತಿತ್ತು. ಮಾಡಿದವರು ಮೌಸ್ ಹಿಡಿದು ಪರೀಕ್ಷಿಸಿರಬೇಕು. ಮೌಸ್ ಎಳೆದರೆ ಪುಟ ಜಾರುವುದಿಲ್ಲ, ಎಲ್ಲ ಸರಿಯಾಗೇ ಕಾಣುತ್ತದೆ. ನಿಜವಾದ ಫೋನಿನ ಮೇಲೆ, ಕನ್ನಡದಲ್ಲಿ, ಒಬ್ಬರ ಪೂರ್ತಿ ಹೆಸರು ಬರೆಸಿ ನೋಡುವಷ್ಟು ವ್ಯವಧಾನ ಅವರಿಗೆ ಇರಲಿಲ್ಲ. ಒತ್ತಕ್ಷರ ಕೆಳಗಿಳಿಯದೆ ಎಲ್ಲಿಗೆ ಹೋಗಬೇಕು?

ದೊಡ್ಡಮ್ಮ ದಿನಾ ಪೇಪರ್ ಓದುವವರು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದ ಕಾಲದಲ್ಲಿ ಇದೇ ಜಗಲಿಯ ಮೇಲೆ ಲಾಟೀನಿಟ್ಟುಕೊಂಡು ಕೇರಿಯ ಹೆಂಗಸರಿಗೆ ಸಹಿ ಕಲಿಸಿದವರು. ಅವರ ಕೈಹಿಡಿದು ಬರೆಯಲು ಕಲಿತವರು ಸಂಘದ ಪುಸ್ತಕದಲ್ಲಿ ಇವತ್ತಿಗೂ ಹೆಬ್ಬೆಟ್ಟು ಒತ್ತುವುದಿಲ್ಲ. ಅಂಥವರ ಬಾಯಲ್ಲಿ ಹೆಬ್ಬೆಟ್ಟಿನ ಮಾತು ಬಂತಲ್ಲ, ಅದೂ ಸಲೀಸಾಗಿ, ತಪ್ಪು ತಮ್ಮ ಬೆರಳಿನದ್ದೇ ಎಂಬಂತೆ! ಹುಡುಗ ಹೋದ ಮೇಲೆ, "ನಂಗೆ ವಯಸ್ಸಾಯ್ತು ಕಣೋ, ಕೈ ನಡುಗ್ತದೆ" ಎಂದರು. ಕೈ ನಡುಗುತ್ತಿರಲಿಲ್ಲ. ಪಕ್ಕದಲ್ಲೇ ಕೂತು ನೋಡಿದ್ದೇನೆ.

ಕೆಟ್ಟ ಪುಟದ ಮುಂದೆ ಓದುಬರಹ ಬಲ್ಲವರೂ ತಮ್ಮನ್ನೇ ಶಂಕಿಸಿಕೊಳ್ಳುತ್ತಾರೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ರೇಷನ್ ಅಂಗಡಿಯಲ್ಲಿ ಎಷ್ಟು ಜನ ಹೀಗೆ ಸುಮ್ಮನೆ ಪಕ್ಕಕ್ಕೆ ಸರಿದಿರಬಹುದು! ನಮ್ಮ ಕಸುಬಿನವರಿಗೆ ಇದು ಚಿಲ್ಲರೆ ಬಗ್, ಮುಂದಿನ ತಿಂಗಳಿಗೆ ತಳ್ಳಬಹುದಾದ ಕೆಲಸ. ನನಗೆ ಹಾಗೆ ಅನ್ನಿಸುತ್ತಿಲ್ಲ.

ಸಂಸ್ಥೆಗೆ ಪತ್ರ ಬರೆದು ಕೋಡಿನ ತಿದ್ದುಪಡಿಯನ್ನೂ ಕಳಿಸಿದ್ದೇನೆ. ದೊಡ್ಡಮ್ಮನ ಸಹಿಯನ್ನು ಹೊಸದಾಗಿ ಪಡೆಯಬೇಕೆಂದು ಕೇಳಿದ್ದೇನೆ. ದೂರಿನ ನಂಬರ್ ಒಂದು ಬಂದಿದೆ, ಉತ್ತರ ಬಂದಿಲ್ಲ. ಸೋಮವಾರದವರೆಗೆ ನೋಡಿ, ಶಿವಮೊಗ್ಗದ ಅವರ ಕಚೇರಿಗೇ ಹೋಗುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.