ಪೋಕರ್ ಟೂರ್ನಿಯ ಕೊನೆಯ ಹಂತ: ನೂಕುವ ಎಲೆ ಬೇರೆ, ಕಾಲ್ ಮಾಡುವ ಎಲೆ ಬೇರೆ

ಪುಸ್ತಕ ಹಿಡಿದು ಟೂರ್ನಿಯ ಕೊನೆಯ ಹಂತ ಕಲಿಯಲು ಹೊರಟವರು ಮೊದಲು ಬಾಯಿಪಾಠ ಮಾಡುವುದು ಆಲ್-ಇನ್ ಪಟ್ಟಿಯನ್ನು, ಅಂದರೆ ಯಾವ ಎಲೆಗೆ ಕೈಲಿರುವ ಚಿಪ್ಸನ್ನೆಲ್ಲ (ಪಣದ ಬಿಲ್ಲೆಗಳನ್ನು) ಒಮ್ಮೆಗೇ ನೂಕಬಹುದು ಎಂಬ ಪಟ್ಟಿಯನ್ನು. ಅದಕ್ಕೂ ಮುಂಚೆ ಒಂದು ಭಾಗಾಕಾರ ಕೈಗೆ ಕೂರಬೇಕು.

ಡ್ಯಾನ್ ಹ್ಯಾರಿಂಗ್ಟನ್ ಮತ್ತು ಬಿಲ್ ರಾಬರ್ಟಿ 2005ರಲ್ಲಿ ಬರೆದ ಪುಸ್ತಕ ಇದನ್ನು ‘ಎಂ’ ಎನ್ನುತ್ತದೆ. ಆಟಗಾರ ಪಾಲ್ ಮ್ಯಾಗ್ರಿಯಲ್ ಹೆಸರಿನಿಂದ ಬಂದ ಅಕ್ಷರ. ನಿಮ್ಮ ಚಿಪ್ಸನ್ನು ಎರಡೂ ಬ್ಲೈಂಡ್ (ಸರದಿಯಂತೆ ಇಬ್ಬರು ಎಲೆ ನೋಡುವ ಮುನ್ನ ಕಟ್ಟಲೇಬೇಕಾದ ಸಣ್ಣ, ದೊಡ್ಡ ಪಣ) ಮತ್ತು ಆ್ಯಂಟೆ (ಪ್ರತಿ ಆಟಕ್ಕೂ ಮೇಜಿನಿಂದ ಕಟ್ಟುವ ಪಣ) ಸೇರಿದ ಮೊತ್ತದಿಂದ ಭಾಗಿಸಿ. ಬ್ಲೈಂಡ್ 500-1,000, ಆ್ಯಂಟೆ ಒಟ್ಟು 1,000, ಕೈಯಲ್ಲಿ 10,000 ಇದ್ದರೆ ಎಂ 4. ಸುಮ್ಮನೆ ಕೂತರೆ ನಾಲ್ಕು ಸುತ್ತಿಗೆ ಗಂಟು ಖಾಲಿ. ಮೇಜಿನಲ್ಲಿ ಆರೇ ಜನ ಉಳಿದಿದ್ದರೆ ಸುತ್ತು ಬೇಗ ಮುಗಿಯುವುದರಿಂದ ಅದನ್ನು ಆರು ಹತ್ತಾಂಶಕ್ಕೆ ಇಳಿಸಿ, 2.4 ಎಂದುಕೊಳ್ಳಿ. ಇಲ್ಲಿ 2,500ಕ್ಕೆ ಪಣ ಏರಿಸಿ, ಎದುರಾಳಿ ಅದಕ್ಕಿಂತ ಮೇಲೆ ಏರಿಸಿದಾಗ ಎಲೆ ಬಿಡುವುದು ಕಾಲು ಗಂಟನ್ನು ನೀರಿಗೆ ಹಾಕಿದ ಹಾಗೆ. ಆಲ್-ಇನ್ ಇಲ್ಲವೇ ಫೋಲ್ಡ್ (ಎಲೆ ಬಿಡುವುದು), ಎರಡೇ ದಾರಿ.

ಇದೇ ಲೆಕ್ಕದಲ್ಲಿ ಬಟನ್‌ನಿಂದ (ಎಲೆ ಹಂಚುವವನ ಜಾಗದಿಂದ) 10,000 ನೂಕಿದಿರಿ, ನಿಮಗಿಂತ ಮುಂಚಿನವರೆಲ್ಲ ಬಿಟ್ಟು ಬ್ಲೈಂಡ್ ಕಟ್ಟಿದ ಇಬ್ಬರೇ ಉಳಿದಿದ್ದಾರೆ ಎನ್ನಿ. ಇಬ್ಬರೂ ಬಿಟ್ಟರೆ 2,500 ಪುಕ್ಕಟೆ. ಅಷ್ಟೇ ಚಿಪ್ಸ್ ಇರುವ ಬಿಗ್ ಬ್ಲೈಂಡ್ (ದೊಡ್ಡ ಬ್ಲೈಂಡ್ ಕಟ್ಟಿದವನು) ಕಾಲ್ ಮಾಡಿದರೆ, ಅಂದರೆ ನಿಮ್ಮಷ್ಟೇ ಪಣ ಕಟ್ಟಿದರೆ, ಪಾಟ್ (ನಡುವೆ ಸೇರಿದ ಒಟ್ಟು ಪಣ) 21,500. ನಿಮ್ಮ ಎಲೆ ನೂರಕ್ಕೆ 35 ಸಲ ಗೆಲ್ಲುವಂಥದ್ದಾದರೆ ಪಾಲು 7,525, ಸರಾಸರಿ ನಷ್ಟ 2,475. ಹಾಗಾಗಿ ಅರ್ಧ ಸಲ ಎದುರಿನವರು ಬಿಟ್ಟರೂ ಅಸಲಿಗೆ ಮೋಸವಿಲ್ಲ. ಸಾಧಾರಣ ಎಲೆಯಲ್ಲೂ ನೂಕಬಹುದು ಎಂದು ಪಟ್ಟಿ ಹೇಳುವುದು ಈ ಕಾರಣಕ್ಕೆ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ನೂಕುವ ಪಟ್ಟಿಯನ್ನೇ ಹಿಡಿದು ಕಾಲ್ ಮಾಡುತ್ತಾರೆ. ಕಾಲ್ ಮಾಡುವವನಿಗೆ ‘ಎದುರಾಳಿ ಬಿಟ್ಟುಬಿಟ್ಟ’ ಎಂಬ ಲಾಭವೇ ಇಲ್ಲ. ಬಹುಮಾನದ ಗಡಿಯಲ್ಲಂತೂ ಇನ್ನೂ ಕಷ್ಟ. ನಾಲ್ವರ ಬಳಿ ಸಮ ಚಿಪ್ಸ್, ಬಹುಮಾನ ಮೂವರಿಗೆ, 500, 300, 200 ಎನ್ನಿ. ಈಗ ನಿಮ್ಮ ಪಾಲಿನ ಬೆಲೆ 250. ಕಾಲ್ ಮಾಡಿ ಗೆದ್ದರೆ ಚಿಪ್ಸ್ ಎರಡರಷ್ಟಾದರೂ, ಚಿಪ್ಸ್ ಪಾಲಿನಷ್ಟೇ ಮೊದಲ ಸ್ಥಾನದ ಸಾಧ್ಯತೆ ಎಂದು ಹಿಡಿದು ಉಳಿದ ಸ್ಥಾನಗಳನ್ನೂ ಹಾಗೇ ಲೆಕ್ಕ ಹಾಕಿದರೆ, ಬೆಲೆ ಏರುವುದು ಸುಮಾರು 383ಕ್ಕೆ, 500ಕ್ಕಲ್ಲ, ಸೋತರೆ ಸೊನ್ನೆ. 250ನ್ನು 383ರಿಂದ ಭಾಗಿಸಿ: ಬ್ಲೈಂಡ್ ಬದಿಗಿಟ್ಟರೆ, ನೂರಕ್ಕೆ 65 ಸಲ ಗೆಲ್ಲಬೇಕು. ಎದುರಾಳಿ ಎಲೆ ನೋಡದೆ ನೂಕುತ್ತಿದ್ದರೂ ಬೇರೆ ಬೇರೆ ಜಾತಿಯ ಎಕ್ಕ-ಗುಲಾಮ ಗೆಲ್ಲುವುದು 64ರ ಆಸುಪಾಸು. ಅಷ್ಟು ಚೆಂದದ ಎಲೆಯನ್ನು ಬಿಸಾಕಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ! ಬಿಸಾಕಬೇಕು.

ಹಳೆಯ ಪುಸ್ತಕದಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಆ್ಯಂಟೆ ಪ್ರತಿಯೊಬ್ಬರೂ ಕಟ್ಟುತ್ತಾರೆ. ಈಗ ಬಹಳ ಕಡೆ ಬಿಗ್ ಬ್ಲೈಂಡ್‌ನವನೊಬ್ಬನೇ ಎಲ್ಲರ ಪರವಾಗಿ ಕಟ್ಟುತ್ತಾನೆ. ಜನ ಕಡಿಮೆಯಾದರೂ ಆ ಮೊತ್ತ ಇಳಿಯದಿದ್ದರೆ ಎಂ ಪುಸ್ತಕದ ಉದಾಹರಣೆಗಿಂತ ಬೇಗ ಕುಸಿಯುತ್ತದೆ.

ಅಭ್ಯಾಸಕ್ಕೆ ದುಡ್ಡು ಬೇಡ. 2025ರ ಕಾನೂನಿನ ಪ್ರಕಾರ ಆನ್‌ಲೈನ್ ಹಣದಾಟ ದೇಶದಲ್ಲಿ ನಿಷಿದ್ಧ, ಹೇಗೂ. ಒಂದು ಕಟ್ಟು ಇಸ್ಪೀಟು, ಚಿಪ್ಸ್ ಬದಲು ಹುಣಸೆಬೀಜ ಸಾಕು. ತಲಾ ಹತ್ತು ಬೀಜದಿಂದ ಶುರುಮಾಡಿ, ಪ್ರತಿ ಎಲೆ ಹಂಚುವ ಮುನ್ನ ಎಂ ಬಾಯಲ್ಲಿ ಹೇಳಿ, ನೂಕಿದ್ದನ್ನು ಒಂದು ಹಾಳೆಯಲ್ಲೂ ಕಾಲ್ ಮಾಡಿದ್ದನ್ನು ಬೇರೆ ಹಾಳೆಯಲ್ಲೂ ಬರೆದಿಡಿ.