ಬ್ಯಾಗ್‌ಪೈಪ್ ಚೀಲದಲ್ಲಿ ಗಾಳಿ ನಿಲ್ತಿಲ್ಲ, ಒಳಗೆ ಏನು ಸುರಿಯಲಿ?

ಐರ್ಲೆಂಡಿನ ಇಲಿಯನ್ ಪೈಪ್ಸ್ ಕಲಿಯೋಕೆ ಶುರು ಮಾಡಿದವರು ಯಾರೇ ಸಿಗಲಿ, ಇವತ್ತಲ್ಲ ನಾಳೆ ಈ ಪ್ರಶ್ನೆ ಕೇಳೇ ಕೇಳುತ್ತಾರೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸದ್ಯಕ್ಕೆ ಏನೂ ಸುರಿಯಬೇಡಿ. ಗಾಳಿ ಎಲ್ಲಿಂದ ಹೋಗುತ್ತಿದೆ ಅಂತ ಗೊತ್ತಾಗುವ ತನಕ ಒಂದು ಹನಿಯೂ ಬೇಡ.

ಈ ವಾದ್ಯ ನೋಡಿರದವರಿಗೆ ಎರಡು ಮಾತು. ಬ್ಯಾಗ್‌ಪೈಪ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮಿಲಿಟರಿ ಬ್ಯಾಂಡಿನವರು ಕೆನ್ನೆ ಉಬ್ಬಿಸಿ ಊದುವ ಸ್ಕಾಟ್ಲೆಂಡಿನ ಹೈಲ್ಯಾಂಡ್ ಪೈಪ್ಸ್, ಅಲ್ವಾ? ಇಲಿಯನ್ ಪೈಪ್ಸ್‌ಗೆ ಬಾಯಿ ಹಚ್ಚುವುದೇ ಇಲ್ಲ. ಕೂತು ನುಡಿಸುತ್ತಾರೆ. ಬಲ ಮೊಣಕೈ ಕೆಳಗೆ, ಸೊಂಟಕ್ಕೆ ಕಟ್ಟಿಕೊಂಡ ತಿದಿ. ಎಡ ಕಂಕುಳಲ್ಲಿ ತೊಗಲಿನ ಚೀಲ. ತಿದಿಯ ಗಾಳಿ ಕೊಳವೆ ಹಾದು ಚೀಲ ಸೇರಿ, ಅಲ್ಲಿಂದ ಬೆರಳಾಡಿಸುವ ಚಾಂಟರ್‌ಗೆ, ಶ್ರುತಿ ಹಿಡಿಯುವ ಮೂರು ಡ್ರೋನ್‌ಗಳಿಗೆ, ಮಣಿಕಟ್ಟಿನಲ್ಲಿ ಒತ್ತುವ ರೆಗ್ಯುಲೇಟರ್‌ಗಳಿಗೆ ಹೋಗುತ್ತದೆ. ಹೊಸಬರ ಕೈಯಲ್ಲಿರುವುದು ಸಾಮಾನ್ಯವಾಗಿ ಪ್ರಾಕ್ಟೀಸ್ ಸೆಟ್. ಅಂದರೆ ತಿದಿ, ಚೀಲ, ಚಾಂಟರ್, ಅಷ್ಟೇ.

1968ರಲ್ಲಿ ನಾ ಪೀಬರೀ ಇಲಿಯನ್ ಎಂಬ ಪೈಪ್ಸ್ ನುಡಿಸುವವರ ಸಂಘ ಹುಟ್ಟುವ ಹೊತ್ತಿಗೆ ಇದನ್ನು ನುಡಿಸುವವರು ತುಂಬಾ ಕಡಿಮೆಯಾಗಿದ್ದರು. 2017ರಲ್ಲಿ ಯುನೆಸ್ಕೋ ಪಟ್ಟಿಗೂ ಈ ಕಲೆ ಸೇರಿತು. ಈಗ ಎಲ್ಲೆಲ್ಲೋ ಕಲಿಯುವವರಿದ್ದಾರೆ. ಖುಷಿಯ ವಿಷಯವೇ, ಆದರೆ ಪೈಪ್ಸ್ ಮಾಡುವವರು ಹತ್ತಿರದಲ್ಲಿ ಇರುವುದಿಲ್ಲ. ಚೀಲ ಸೋರಿದರೆ ಸಂಗೀತದ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಸಿಗುವುದು ಹೈಲ್ಯಾಂಡ್ ಪೈಪ್ಸ್‌ನ ಸೀಸನಿಂಗ್, ಅಂದರೆ ಚೀಲದೊಳಗೆ ಹಾಕುವ ಲೇಪ. ತಂದು ಸುರಿಯುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಯಾಕೆ ಅಂದರೆ, ಬಾಯಲ್ಲಿ ಊದುವ ಚೀಲಕ್ಕೆ ಉಸಿರಿನ ಜೊತೆ ತೇವ ಹೋಗುತ್ತಲೇ ಇರುತ್ತದೆ. ಅದನ್ನು ಹೀರಿಕೊಂಡು ತೊಗಲನ್ನು ಮೆತ್ತಗೆ, ಗಾಳಿ ಬಿಡದ ಹಾಗೆ ಇಡಲು ಹಿಂದಿನವರು ಜೇನು, ಕಾಕಂಬಿ ಹಾಕುತ್ತಿದ್ದರು. ಈಗ ಹಾಕುವ ಗ್ಲಿಸರಿನ್ ಥರದ ವಸ್ತುಗಳ ಕೆಲಸವೂ ತೇವ ಹಿಡಿದಿಡುವುದೇ. ಇಲಿಯನ್ ಪೈಪ್ಸ್‌ನದು ಪೂರಾ ಉಲ್ಟಾ. ತಿದಿಯಿಂದ ಬರುವುದು ಒಣ ಗಾಳಿ. ಅದನ್ನೇ ನಂಬಿಕೊಂಡು ಚಾಂಟರ್‌ನ ರೀಡನ್ನು, ಅಂದರೆ ಗಾಳಿಗೆ ಅದುರಿ ಸ್ವರ ಹೊರಡಿಸುವ ಭಾಗವನ್ನು, ಅರುಂಡೊ ಡೋನಾಕ್ಸ್ ಎಂಬ ಜೊಂಡಿನಿಂದ, ತುದಿ ತೀರ ತೆಳುವಾಗುವ ಹಾಗೆ ಕೆರೆದು ಮಾಡಿರುತ್ತಾರೆ. ಚೀಲದೊಳಗೆ ಅಂಟು ಅಂಟಾದ ಪಸೆ ಇದ್ದರೆ ರೀಡ್ ಅದನ್ನು ಎಳೆದುಕೊಂಡು ಸ್ವರ ಜಾರುತ್ತದೆ. ಜಾಸ್ತಿ ಸುರಿದಿದ್ದರೆ ಅದು ಸ್ಟಾಕ್, ಅಂದರೆ ಪೈಪ್ ಸಿಕ್ಕಿಸಲು ಚೀಲಕ್ಕೆ ಬಿಗಿದ ಕೊಳವೆ, ಒಳಗೆ ಹರಿದು ರೀಡಿಗೇ ಮೆತ್ತಿಕೊಳ್ಳುತ್ತದೆ. ಅಷ್ಟಾದ ಮೇಲೆ ಸೋರುವ ಚೀಲದ ಜೊತೆ ಕೆಟ್ಟ ರೀಡೂ ಸಿಕ್ಕಿದ ಹಾಗಾಯಿತು.

ಸೈಕಲ್ ಪಂಕ್ಚರ್ ಹಾಕುವವರು ತೂತು ಹುಡುಕದೆ ಪ್ಯಾಚ್ ಹಚ್ಚುವುದಿಲ್ಲ. ಇಲ್ಲೂ ಅದೇ ಕ್ರಮ, ಬಕೆಟ್ ನೀರಿನಲ್ಲಿ ಮುಳುಗಿಸುವುದೊಂದು ಬಿಟ್ಟು. ಚಾಂಟರ್ ತೆಗೆದು ಆ ಸ್ಟಾಕಿಗೆ ಬಿಗಿಯಾದ ಬಿರಡೆ ಹಾಕಿ. ಡ್ರೋನ್‌ಗಳಿದ್ದರೆ ಅವುಗಳ ಬಾಯಿಯನ್ನೂ ಮುಚ್ಚಿ. ತಿದಿಯಿಂದ ಚೀಲ ತುಂಬಿಸಿ, ತೋಳಲ್ಲಿ ನುಡಿಸುವಾಗ ಒತ್ತುವಷ್ಟೇ ಒತ್ತಿ ಹಿಡಿಯಿರಿ. ಒಂದು ನಿಮಿಷವಾದರೂ ಗಟ್ಟಿಯಾಗಿಯೇ ಇದ್ದರೆ ಚೀಲಕ್ಕೆ ಏನೂ ಆಗಿಲ್ಲ. ತಪ್ಪು ಬೇರೆ ಕಡೆ ಇದೆ.

ಚೀಲ ಮೆತ್ತಗಾದರೆ ನಾನು ಮೊದಲು ಅನುಮಾನ ಪಡುವುದು ಗಾಳಿ ವಾಪಸ್ ಹೋಗದಂತೆ ತಡೆಯುವ ಪುಟ್ಟ ತೊಗಲಿನ ವಾಲ್ವ್ ಮೇಲೆ. ಅದು ತಿದಿಯ ಕೊಳವೆ ಚೀಲಕ್ಕೆ ಸೇರುವ ಜಾಗದಲ್ಲಿರುತ್ತದೆ. ಅದು ಸೊಟ್ಟಗಾಗಿದ್ದರೆ, ಇಲ್ಲಾ ಅಂಚಿಗೆ ಒಂದು ನೂಲಿನ ಎಳೆ ಸಿಕ್ಕಿಕೊಂಡಿದ್ದರೂ ಸಾಕು, ಚೀಲ ಒತ್ತಿದಾಗ ತಿದಿ ತನ್ನಷ್ಟಕ್ಕೆ ಉಬ್ಬಿ ಬಲಗೈಯನ್ನು ಹೊರಗೆ ತಳ್ಳುತ್ತದೆ. ಇದು ಸ್ಪಷ್ಟ ಗುರುತು. ಕೊಳವೆ ಬಿಚ್ಚಿ, ಚೀಲ ಒತ್ತುತ್ತಾ, ಆ ತೂತಿನ ಮುಂದೆ ಒದ್ದೆ ಮಾಡಿದ ಬೆರಳು ಹಿಡಿಯಿರಿ. ತಣ್ಣಗೆ ಗಾಳಿ ತಾಕಿದರೆ ಕಳ್ಳ ಸಿಕ್ಕಿದ.

ಆಮೇಲೆ ದಾರ ಸುತ್ತಿದ ಕೂಡುಗಳು. ಐರ್ಲೆಂಡಿನಲ್ಲಿ ಹೊರಗೆ ಎಷ್ಟೇ ಮಳೆ ಇರಲಿ, ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯೊಳಗೆ ಗಾಳಿ ಒಣಗಿಹೋಗುತ್ತದೆ. ಮರ ಸ್ವಲ್ಪ ಕುಗ್ಗುತ್ತದೆ, ಬಿಗಿಯಾಗಿದ್ದ ಕೂಡು ಸಡಿಲಾಗುತ್ತದೆ. ಜೇನುಮೇಣ ತಿಕ್ಕಿದ ದಾರ ಎರಡು ಸುತ್ತು ಹೆಚ್ಚಿಗೆ ಸುತ್ತಿದರೆ ಮುಗಿಯಿತು. ಸ್ಟಾಕನ್ನು ಚೀಲಕ್ಕೆ ಬಿಗಿದ ಕಟ್ಟನ್ನೂ ನೋಡಿ. ತೊಗಲು ಒಣಗಿ ತೆಳುವಾದರೆ ಅದೂ ಸಡಿಲಾಗುತ್ತದೆ.

ಕೊನೆಗೆ ಹೊಲಿಗೆ. ಸೋಪುನೀರಿನ ನೊರೆಯನ್ನು ಬ್ರಶ್ಶಿನಲ್ಲಿ ತೆಳ್ಳಗೆ ಹೊಲಿಗೆ ಉದ್ದಕ್ಕೂ ಸವರಿ ಚೀಲ ಒತ್ತಿ, ಸೂಜಿ ತೂತುಗಳಲ್ಲಿ ಗುಳ್ಳೆ ಏಳುತ್ತದಾ ನೋಡಿ. ಒದ್ದೆ ಮಾಡಲು ಮನಸ್ಸಿಲ್ಲದಿದ್ದರೆ ಊದುಬತ್ತಿ ಸಾಕು. ಗಾಳಿ ಆಡದ ಕೋಣೆಯಲ್ಲಿ, ಕಿಡಿ ತಾಕದ ಹಾಗೆ, ನಿಧಾನಕ್ಕೆ ಸರಿಸುತ್ತಾ ಹೋಗಿ. ಸೋರುವ ಜಾಗದಲ್ಲಿ ಹೊಗೆಯ ಎಳೆ ಥಟ್ಟನೆ ಪಕ್ಕಕ್ಕೆ ಬಾಗುತ್ತದೆ. ಅಲ್ಲೊಂದು ಇಲ್ಲೊಂದು ತೂತಾದರೆ ಹೊರಗಿನಿಂದ ಜೇನುಮೇಣ ಗಟ್ಟಿಯಾಗಿ ತಿಕ್ಕಿ, ಹೆಬ್ಬೆರಳಿನ ಬಿಸಿಯಲ್ಲೇ ಒಳಗೆ ಒತ್ತಿ. ಮರಗೆಲಸದ ಬಿಳಿ ಗಮ್ ಬೇಡ. ಒಣಗಿದ ಮೇಲೆ ಗಡುಸಾಗಿ, ಚೀಲ ಮಡಿಸಿದಲ್ಲೆಲ್ಲ ಬಿರುಕು ಬಿಡುತ್ತದೆ.

ಇದೆಲ್ಲ ಸರಿ ಇದ್ದೂ ತೊಗಲಿನ ಮೈಯಿಂದಲೇ ಗಾಳಿ ಜಿನುಗುತ್ತಿದ್ದರೆ ಮಾತ್ರ ಒಳಗೆ ಹಾಕುವ ಮಾತು. ಆಗಲೂ ಬೇಕಾದ್ದು ಮೇಣ, ಕೊಬ್ಬು ಸೇರಿದ, ನೀರಿಲ್ಲದ ಮಿಶ್ರಣ. ಅದು ತೊಗಲಿನ ನಾರಿನ ನಡುವೆ ಕೂತು ಸಂದು ಮುಚ್ಚುತ್ತದೆ. ಬರೀ ಎಣ್ಣೆ ಸುರಿದರೆ ತೊಗಲು ಜೋತು ಬೀಳುತ್ತದೆಯೇ ಹೊರತು ಗಾಳಿ ನಿಲ್ಲುವುದಿಲ್ಲ. ರೀಡ್‌ಗಳನ್ನೆಲ್ಲ ತೆಗೆದು ಡಬ್ಬಿಯಲ್ಲಿಡಿ. ಮಿಶ್ರಣವನ್ನು ಕೈಗೆ ಹಿತವಾಗುವಷ್ಟು ಬೆಚ್ಚಗೆ ಮಾಡಿ, ಸ್ವಲ್ಪವೇ ಹಾಕಿ, ಚೀಲವನ್ನು ಚೆನ್ನಾಗಿ ಹಿಸುಕಿ, ಮೂಲೆಮೂಲೆಗೂ ತಲುಪಿಸಿ. ಬೆಂಕಿಯ ಹತ್ತಿರ ಮಾತ್ರ ಒಯ್ಯಬೇಡಿ, ತೊಗಲು ಸುರುಟಿಕೊಂಡರೆ ಮತ್ತೆ ಸರಿಹೋಗುವುದಿಲ್ಲ. ಸ್ಟಾಕಿನ ಬಾಯಿ ಕೆಳಗೆ ಮಾಡಿ ತೂಗುಹಾಕಿ, ಹೆಚ್ಚಾದದ್ದು ಇಳಿದುಹೋಗಲಿ. ಸ್ಟಾಕಿನೊಳಗೆ ಬಟ್ಟೆ ಆಡಿಸಿದಾಗ ಅದು ಚೊಕ್ಕಟವಾಗಿ ಹೊರಬರುವ ತನಕ ರೀಡ್ ವಾಪಸ್ ಹಾಕಬೇಡಿ.

ಆರು ತಿಂಗಳಿಗೊಮ್ಮೆ ಹಾಕಬೇಕಾ ಅಂತಲೂ ಕೇಳುತ್ತಾರೆ. ಬೇಡ. ಚೀಲ ಗಾಳಿ ಹಿಡಿಯುತ್ತಿದ್ದರೆ ಸುಮ್ನೆ ಬಿಟ್ಟುಬಿಡಿ. ತೊಗಲು ಪುಡಿಪುಡಿಯಾಗಿ ಉದುರುತ್ತಿದ್ದರೆ, ಹೊಲಿಗೆ ಉದ್ದಕ್ಕೂ ಬಾಯಿ ಬಿಟ್ಟಿದ್ದರೆ ರಿಪೇರಿಗೆ ದುಡ್ಡು ಹಾಕಬೇಡಿ, ಹೊಸ ಚೀಲ ಕಟ್ಟಿಸಿ. 19ನೇ ಶತಮಾನದ ಚಾಂಟರ್‌ಗಳು ಇವತ್ತಿಗೂ ನುಡಿಯುತ್ತಿರುವುದು ಹೊಸ ಚೀಲ ಕಟ್ಟಿಸಿಕೊಂಡೇ.